ಸುಳ್ಳು ಕಣಮ್ಮಾ

ನಮ್ಮ ಕಡೆಯ ಶಾಲೆ, ಅಂಗನವಾಡಿಗಳ ಗೋಡೆಗೆ ಚಿತ್ರ ಬರೆಯುವ ಮೇಡಂ ಒಬ್ಬರಿದ್ದರು. ಫೋನು ನೋಡಿಕೊಂಡೇ ಚಿತ್ರ ಕಲಿತಿದ್ದ ನಾನು ಅವರ ಶಿಷ್ಯೆಯಾಗಲು ಹೋಗಿ, ನನ್ನ ನವಿಲು ತೋರಿಸಿದೆ. ಸೀರೆಯ ಮೇಲೆ ತೊಟ್ಟಿದ್ದ ಗಂಡಸರ ಹಳೇ ಶರಟಿಗೆ ಬ್ರಶ್ಶು ಒರೆಸುತ್ತಾ ಅವರು, "ಸುಳ್ಳು ಕಣಮ್ಮಾ. ನವಿಲು ನೋಡಿದ್ರೆ ನಿನ್ಮೇಲೆ ಕೇಸ್ ಹಾಕುತ್ತೆ," ಎಂದರು. ಆಮೇಲೆ ಬರೆದ ಹಸು, ಮಾವಿನ ಮರ, ಮಾಕಳಿದುರ್ಗದ ಬೆಟ್ಟ ಎಲ್ಲವೂ ಸುಳ್ಳೇ. ನನಗೆ ಸಿಕ್ಕಿದ್ದು ಗೋಡೆಗೆ ಬಿಳಿ ಬಣ್ಣ ಬಳಿಯುವ ಕೆಲಸ ಮಾತ್ರ.

ಚನ್ನರಾಯಪಟ್ಟಣದ ಹತ್ತಿರದ ಶಾಲೆಯೊಂದರಲ್ಲಿ, ಗೋಡೆಯ ಮೇಲಿನ ಮಹನೀಯರ ಸಾಲಿನಲ್ಲಿ ತಮ್ಮ ಮುಖವೂ ಇರಬೇಕೆಂದು ಶಾಲಾ ಸಮಿತಿಯ ಅಧ್ಯಕ್ಷರು ಹಟ ಹಿಡಿದರು.

"ಆಗ್ಲಿ ಅಣ್ಣಾ, ಅಲ್ಲಾಡ್ದೆ ಕೂತ್ಕೊಳಿ," ಎಂದರು ಮೇಡಂ.

ಮುದ್ದೆ ಊಟ ಮುಗಿಸಿ ಬಂದಿದ್ದ ಅಧ್ಯಕ್ಷರು ಗತ್ತಿನಿಂದ ಕೂತವರು, ನೋಡನೋಡುತ್ತಲೇ ಬಾಯಿ ತೆರೆದು ಗೊರಕೆ ಹೊಡೆದರು. ಮೇಡಂ ಮೊದಲ ಸಲ ಬ್ರಶ್ಶನ್ನು ನನ್ನ ಕೈಗಿಟ್ಟರು. "ಕಂಡಿದ್ದನ್ನ ಬರಿ. ಇದೂ ಸುಳ್ಳಾದ್ರೆ ನಾಳೆಯಿಂದ ಬರ್ಬೇಡ."

ಬ್ರಶ್ಶನ್ನು ಬಣ್ಣಕ್ಕೆ ಅದ್ದಿದೆ. ಆ ಬಾಯಿ ಹೇಗೆ ತೆರೆದಿತ್ತೋ ಹಾಗೇ ಬರೆದೆ.

ಎಚ್ಚರವಾದ ಅಧ್ಯಕ್ಷರು, "ಇದು ನಾನೇನಮ್ಮಾ? ಅಳಿಸಿ ಮೊದ್ಲು!" ಎಂದು ಕೂಗಾಡಿದರು. ಅಷ್ಟರಲ್ಲಿ ಕಾಫಿ ತಂದ ಅವರ ಹೆಂಡತಿ ಗೋಡೆ ನೋಡಿ, "ಅಯ್ಯೋ, ನಮ್ಮೆಜಮಾನ್ರೇ!" ಎಂದು ಸೆರಗು ಬಾಯಿಗೊತ್ತಿಕೊಂಡು ನಕ್ಕರು.

ಮೇಡಂ ಬಿಳಿ ಬಣ್ಣದ ಬಕೆಟ್ಟನ್ನು ಅಧ್ಯಕ್ಷರ ಕೈಗೇ ಕೊಟ್ಟು, ನನ್ನತ್ತ ತಿರುಗಿದರು. "ಬಾಯಿ ನಿಜ ಕಣಮ್ಮಾ. ಮೂಗು ಇನ್ನೂ ಸುಳ್ಳು. ನಾಳೆ ಬೇಗ ಬಾ."