ಫುಟ್‌ವಾಲ್ವ್ ಬಿಡಿಸಲು ಹೊಳೆಗುಂಡಿಗೆ ಇಳಿದದ್ದು

ಮೊನ್ನೆ ಟೀವಿಯಲ್ಲಿ ಒಬ್ಬ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಒಂಟಿಯಾಗಿ ಸಮುದ್ರದ ತಳಕ್ಕೆ ಇಳಿಯುತ್ತಿದ್ದ. ನೀವೆಲ್ಲ ಬಾಯಿಬಿಟ್ಟು ನೋಡುತ್ತಿದ್ದಿರಿ. ನಾನೂ ಇಳಿದವಳೇ ಎನ್ನಲು ನಾಚಿಕೆಯಾಯಿತು. ಬರೆಯುವಾಗ ಯಾರೂ ಮುಖ ನೋಡುವುದಿಲ್ಲವಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ತೀರಿಕೊಂಡ ಮರುವರ್ಷದ ಬೇಸಿಗೆ, ಎಂಬತ್ತನೇ ಇಸವಿಯ ಆಚೀಚೆ. ಕೊಪ್ಪದ ಕಡೆಯ ನಮ್ಮ ತೋಟಕ್ಕೆ ಹೊಳೆಯಿಂದ ಡೀಸೆಲ್ ಪಂಪಿನಲ್ಲಿ ನೀರು. ಪೈಪಿನ ತುದಿಯ, ಕಸ ತಡೆಯುವ ತಂತಿಬಲೆ ಇದ್ದ ಫುಟ್‌ವಾಲ್ವ್ ಹೊಳೆಯ ಆಳದ ಗುಂಡಿಯ ತಳದಲ್ಲಿ ಬಂಡೆಸಂದಿಗೆ ಸಿಕ್ಕಿ, ಕಸ ತುಂಬಿ, ಪಂಪು ನೀರೆಳೆಯುವುದು ನಿಂತಿತು. ಆಳುಗಳಿಗೆ ಆ ಗುಂಡಿಯೆಂದರೆ ಹೆದರಿಕೆ. ಗಂಡನ ಅಣ್ಣ, ನಾನು ಎಂದೂ ಎದುರು ನಿಲ್ಲದ ಭಾವ, ಜಗುಲಿಯಲ್ಲಿ ಕೂತು ಹೇಳಿದರು:

"ಸಸಿ ಒಣಗ್ತಾ ಇದಾವೆ. ನಿನ್ ಕೈಲಿ ಆಗೋದಲ್ಲ ಮಾರಾಯ್ತಿ. ತೋಟ ನಂಗೆ ಬಿಡು. ನಿಂಗೂ ಮಕ್ಕಳಿಗೂ ಊಟಕ್ಕೆ ಕೊರತೆ ಮಾಡಲ್ಲ."

ಬಾಗಿಲ ಹಿಂದೆ ನಿಂತು ಕೇಳಿದೆ. ಬಿಡುವುದಿಲ್ಲ ಎಂದು ಅಲ್ಲೇ ನಿಶ್ಚಯಿಸಿದೆ.

ತವರು ಶೃಂಗೇರಿ ಕಡೆ, ತುಂಗೆಯ ದಡ. ಮುಳುಗುವುದನ್ನು ಅಪ್ಪ ಕಲಿಸಿದ್ದರು. ಹೊಟ್ಟೆ ಖಾಲಿ ಇರಬೇಕು. ಹಗ್ಗವನ್ನು ಸೊಂಟಕ್ಕೆ ಕಟ್ಟದೆ ಕೈಯಲ್ಲಿ ಹಿಡಿಯಬೇಕು. ಕಟ್ಟಿದ್ದು ಬಂಡೆಗೆ ಸಿಕ್ಕಿದರೆ ಬಿಡಿಸಲಾಗದು. ಉಸಿರಿಗಾಗಿ ಎದೆ ಮೊದಲ ಸಲ ಒದ್ದಾಗಲೇ ಮೇಲೆ ಬರಬೇಕು. ದಡದಲ್ಲಿ ಯಾರೂ ಇಲ್ಲದಿದ್ದರೆ ಇಳಿಯಲೇಬಾರದು. ಕೆಲವು ದಿನ ಬಚ್ಚಲಿನ ನೀರಿನ ಪಾತ್ರೆಯಲ್ಲಿ ಮುಖ ಅದ್ದಿ ಉಸಿರು ಹಿಡಿದು ಅಭ್ಯಾಸ ಮಾಡಿದೆ. ಸೀರೆಯಲ್ಲಿ ಮುಳುಗಿದರೆ ಸೀರೆಯೇ ಕಾಲು ಕಟ್ಟುತ್ತದೆ. ನಿಮ್ಮ ಅಜ್ಜನ ಚಡ್ಡಿ, ಅಂಗಿ ತೊಟ್ಟೆ. ಆ ವೇಷದಲ್ಲಿ ಯಾರನ್ನು ದಡಕ್ಕೆ ಕರೆಯಲಿ? ಹೆಂಗಸರು ಮೀಯುವಾಗ ಹೊಳೆದಾರಿಯ ಪೊದೆಗೆ ಸೀರೆ ಹರವುತ್ತಿದ್ದೆವು, ಕಂಡ ಗಂಡಸರು ಅಲ್ಲಿಂದಲೇ ತಿರುಗುತ್ತಿದ್ದರು. ನಾನೂ ಹರವಿದೆ. ಹಗ್ಗದ ಒಂದು ತುದಿಯನ್ನು ದಡದ ಬಂಡೆಗೆ ಕಟ್ಟಿ, ಇನ್ನೊಂದನ್ನು ಕೈಯಲ್ಲಿ ಹಿಡಿದು ಇಳಿದೆ.

ತಳದಲ್ಲಿ ಕಣ್ಣು ಕಾಣದು, ಕೈಯೇ ಕಣ್ಣು. ವಾಲ್ವ್ ಸಿಕ್ಕಿತು. ಅದರ ತಂತಿ ನನ್ನ ಅಂಗಿಯನ್ನು ಕಚ್ಚಿಕೊಂಡಿತು. ಜಗ್ಗಿದೆ, ಬಿಡಲಿಲ್ಲ. ಎದೆ ಒದ್ದಿತು, ಮತ್ತೆ ಒದ್ದಿತು. ಅಂಗಿ ಹರಿದುಕೊಂಡು ಮೇಲೆ ಬಂದು ಬಂಡೆ ತಬ್ಬಿ ಕೆಮ್ಮಿದೆ.

ಪೊದೆಯ ಆಚೆಯಿಂದ ಭಾವನ ದನಿ: "ಮಿಂದಾಯ್ತಾ? ಆಗಿಂದ ಕಾಯ್ತಾ ಇದೀನಿ. ಪಂಪು ನೋಡ್ಬೇಕಿತ್ತು."

ನಾನು ಕೆಳಗೆ ಸಾಯುತ್ತಿದ್ದಾಗ ಅವರು ಮರ್ಯಾದೆಯಿಂದ ಕಾಯುತ್ತಿದ್ದರು! ಮೈ ಉರಿಯಿತು. ಎದ್ದುಹೋಗಿ ಸೀರೆ ಕಿತ್ತು ಹೆಗಲಿಗೆ ಹೊದ್ದೆ.

"ಬನ್ನಿ ಭಾವ. ಹಗ್ಗ ಹಿಡೀರಿ. ಎರಡು ಸಲ ಜಗ್ಗಿದ್ರೆ ಮೇಲೆಳೀರಿ."

"ಅಯ್ಯೋ! ತಮ್ಮನ ಚಡ್ಡಿ! ನಾಚಿಕೆ ಇಲ್ವೇನೇ?"

"ಇದೆ. ತುಂಬಾ ಇದೆ. ಹಿಡೀತೀರೋ, ಹಿಡಿಯೋರನ್ನ ಪೇಟೆಯಿಂದ ಕರೀಲೋ?"

ಮುಖ ಆಚೆ ತಿರುಗಿಸಿಯೇ ಹಗ್ಗ ಹಿಡಿದರು. ಸೀರೆಯನ್ನು ಬಂಡೆಯ ಮೇಲೆ ಬಿಟ್ಟು ಮತ್ತೆ ಇಳಿದೆ. ಈ ಸಲ ತಂತಿಯನ್ನು ಮೊದಲು ಮಡಚಿ, ಕಸ ಬಗೆದು, ವಾಲ್ವನ್ನು ಸಂದಿನಿಂದ ಎಬ್ಬಿಸಿದೆ.

ಸಂಜೆಗೆ ಸಸಿಗಳ ಬುಡಕ್ಕೆ ನೀರು ಹರಿಯಿತು. ತೋಟ ಬಿಡುವ ಮಾತು ಭಾವ ಮತ್ತೆ ಎತ್ತಲಿಲ್ಲ. ಚಡ್ಡಿಯ ಸುದ್ದಿ ಮಾತ್ರ ನರಸಿಂಹರಾಜಪುರದ ನೆಂಟರವರೆಗೂ ಹೋಯಿತು. ಹೋಗಲಿ. ಆಡಿಕೊಂಡವರು ಬಂದಾಗ ಅದೇ ತೋಟದ ಬಾಳೆಹಣ್ಣು ಕೊಟ್ಟು ಕಳಿಸಿದೆ.