ನಲವತ್ತೈದು ಡಿಗ್ರಿಯ ಸೋಲು

ಬೆಂಗಳೂರಿನ ವಿಜಯನಗರದ ನಮ್ಮ ಮನೆಯ ಅಡುಗೆಮನೆ ಕಿಟಕಿಯ ಗಾಜು ಹಳೆಯದು. ಎಷ್ಟು ತಿಳಿಯೆಂದರೆ ಗಾಜು ಇರುವುದೇ ಗೊತ್ತಾಗದು, ಆದರೆ ಅದರಾಚೆಯ ಲೈಟು ಕಂಬ ಮಾತ್ರ ಸೊಂಟ ಬಳುಕಿಸಿ ನಿಂತಂತೆ ತೋರುತ್ತದೆ. ಕಂಬ ಬಾಗಿಲ್ಲ, ನಡುವೆ ಏನೋ ಇದೆ ಎಂದು ಊಹಿಸಲು, ಮಿತ್ರರೇ, ನಿಮಗೆ ಪದವಿ ಬೇಕಿಲ್ಲ. ಖಗೋಳಜ್ಞರು ಹೇಳುವುದೂ ಇಷ್ಟೇ: ದೂರದ ಗೆಲಾಕ್ಸಿಗಳು ಸೊಟ್ಟಗೆ ಕಂಡರೆ, ನಡುವೆ ಕಣ್ಣಿಗೆ ಬೀಳದ ದ್ರವ್ಯವೊಂದು ತನ್ನ ಗುರುತ್ವದಿಂದ ಬೆಳಕನ್ನು ಬಗ್ಗಿಸುತ್ತಿದೆ. ನಾನು ಒಪ್ಪಿರಲಿಲ್ಲ. ಕಾಣದ್ದನ್ನು ಸಾಕ್ಷಿಗೆ ಕರೆಯುವವರನ್ನು ಚರ್ಚಾಸ್ಪರ್ಧೆಗಳಲ್ಲಿ ಎಷ್ಟು ಬಾರಿ ಮಣ್ಣುಮುಕ್ಕಿಸಿದ್ದೇನೋ!

ನಮ್ಮ ಎಂ.ಎಸ್ಸಿ. ಮೇಷ್ಟ್ರದೊಂದು ಪದ್ಧತಿಯಿತ್ತು. ಪ್ರತಿ ಪ್ರಾಜೆಕ್ಟಿಗೂ ಸಹಪಾಠಿಯೊಬ್ಬರು ‘ಪ್ರತಿವಾದಿ’. ಅದನ್ನು ಮುರಿಯಲು ನೋಡುವುದೇ ಅವರ ಕೆಲಸ, ಅವರ ಸಹಿಯಿಲ್ಲದೆ ಪ್ರಾಜೆಕ್ಟು ಮುಂದೆ ಸಾಗದು. ಗದಗದಿಂದ ಬಂದು ಉಲ್ಲಾಳದಲ್ಲಿ ರೂಮು ಮಾಡಿಕೊಂಡಿದ್ದ ಬಸವರಾಜನ ಪಾಲಿಗೆ ಬಂದವಳು ನಾನು. ಅವನು ಕಂಪ್ಯೂಟರಿನಲ್ಲಿ ಸಾವಿರಾರು ಕಲ್ಪಿತ ಆಕಾಶಗಳನ್ನು ಸೃಷ್ಟಿಸಿ, ಅವುಗಳ ಪೈಕಿ ಅರ್ಧದಲ್ಲಿ ಮಾತ್ರ ಕಾಣದ ದ್ರವ್ಯವಿಟ್ಟು, ನಿಯಮವೊಂದನ್ನೂ ಹೇಳಿಕೊಡದೆ, ಬರೀ ‘ಇದೆ’, ‘ಇಲ್ಲ’ ಎಂಬ ಉತ್ತರ ತೋರಿಸುತ್ತ, ಅದನ್ನು ಗುರುತಿಸಲು ಯಂತ್ರವೇ ಕಲಿಯುವಂತೆ ಮಾಡಿದ್ದ.

“ಹೊಸಾ ಚಿತ್ರ ಕೊಟ್ರೂ ಒಂದೂ ತಪ್ಪಿಲ್ಲ, ನೋಡವಾ!”

“ಅದೇ ಡೌಟು ಕಣೋ. ತಪ್ಪೇ ಮಾಡದವರನ್ನ ನಾನು ನಂಬಲ್ಲ.”

ಕಾಣದ ದ್ರವ್ಯದ ಸುತ್ತ ಗೆಲಾಕ್ಸಿಗಳು ಬಳೆಯ ಚೂರುಗಳಂತೆ ವೃತ್ತಗಟ್ಟಿ ಬಾಗಿರುತ್ತವೆ. ಪ್ರತಿಯೊಂದನ್ನೂ ಇದ್ದಲ್ಲೇ ನಲವತ್ತೈದು ಡಿಗ್ರಿ ತಿರುಗಿಸಿದರೆ ವೃತ್ತ ಮುರಿಯುತ್ತದೆ. ಪ್ರಾಮಾಣಿಕ ಯಂತ್ರ ಆಗ ‘ಇಲ್ಲ’ ಎನ್ನಬೇಕು. ದ್ರವ್ಯವಿದ್ದ ಚಿತ್ರಗಳನ್ನು ಹಾಗೆ ತಿರುಗಿಸಿ ಕೊಟ್ಟೆವು. ಯಂತ್ರ ಎಗ್ಗಿಲ್ಲದೆ ‘ಇದೆ’ ಎಂದಿತು.

ಬಸವರಾಜ ಕುರ್ಚಿಗೆ ಒರಗಿದ. “ಮುಗೀತು ಬಿಡು. ಶನಿವಾರ ಮಂಡನೆ. ನೀ ಸಹಿ ಹಾಕಂಗಿಲ್ಲ, ನಂದೊಂದು ವರ್ಷ ಹೋತು.”

ವೇದಿಕೆಯಾಗಿದ್ದರೆ ಅಲ್ಲಿಗೆ ಚಪ್ಪಾಳೆ ಬೀಳುತ್ತಿತ್ತು, ನಾನು ಕೆಳಗಿಳಿಯುತ್ತಿದ್ದೆ. ಆದರೆ ಯಂತ್ರ ಸುಳ್ಳು ಹೇಳಿತೆಂದು ಸಾಧಿಸಿದ ನನಗೆ, ಅದು ಯಾಕೆ ಹೇಳಿತೆಂಬುದೇ ತಿಳಿದಿರಲಿಲ್ಲ. ಎದುರಾಳಿ ಬಾಯಿ ಮುಚ್ಚಿದ ಮಾತ್ರಕ್ಕೆ ಸತ್ಯ ಬಾಯಿ ತೆರೆಯುವುದಿಲ್ಲವೆಂದು ಅಂದು ಹೊಳೆಯಿತು. ಇಬ್ಬರೂ ಕೂತು ಚಿತ್ರಗಳನ್ನು ಜಾಲಾಡಿದೆವು. ದ್ರವ್ಯವಿದ್ದ ಆಕಾಶಗಳನ್ನು ಅವನು ಒಂದು ವಾರ, ಇಲ್ಲದವನ್ನು ಇನ್ನೊಂದು ವಾರ ತಯಾರಿಸಿದ್ದ. ಎರಡನೆಯ ವಾರದವುಗಳಲ್ಲಿ ಹಿನ್ನೆಲೆಯ ಕಪ್ಪು ಕೂದಲೆಳೆಯಷ್ಟು ತಿಳಿಯಾಗಿಬಿಟ್ಟಿತ್ತು. ಯಂತ್ರ ಗೆಲಾಕ್ಸಿಗಳನ್ನು ಬಿಟ್ಟು ಆ ಕಪ್ಪನ್ನೇ ನೋಡಿ ಉತ್ತರ ಹೇಳುತ್ತಿತ್ತು. ಯಂತ್ರ ಕಲಿತದ್ದು ವಿಶ್ವವನ್ನಲ್ಲ, ಬಸವರಾಜನ ಅಜಾಗರೂಕತೆಯನ್ನು!

“ಯಪ್ಪಾ, ನನ್ನ ತಪ್ಪನ್ನ ಎಷ್ಟ್ ಚಂದ ಬಾಯಿಪಾಠ ಮಾಡೇತಿ!” ಎಂದು ಅವನು ನಕ್ಕುಬಿಟ್ಟ.

ಎಲ್ಲ ಆಕಾಶಗಳಿಗೂ ಒಂದೇ ಕಪ್ಪು ಬಳಿದು, ಮೊದಲಿನಿಂದ ಕಲಿಸಿದೆವು. ಲ್ಯಾಬಿನ ಮುದಿ ಕಂಪ್ಯೂಟರು ಶನಿವಾರ ಬೆಳಿಗ್ಗೆಯವರೆಗೂ ಏದುಸಿರುಬಿಟ್ಟಿತು. ತಿರುಗಿಸುವ ಪರೀಕ್ಷೆಗೆ ಸಮಯವೇ ಉಳಿಯದೆ, ಅದನ್ನು ಇಡೀ ತರಗತಿಯೆದುರೇ ಮಾಡಬೇಕಾಯಿತು.

ತಿರುಗಿಸಿದ ಚಿತ್ರಗಳು: ಇಲ್ಲ, ಇಲ್ಲ, ಇಲ್ಲ. ತಿರುಗಿಸದವು: ಇದೆ, ಇದೆ. ಒಂದೆರಡು ಕಡೆ ತಪ್ಪಿತು ಕೂಡ. ಆ ತಪ್ಪುಗಳನ್ನು ಕಂಡೇ ನನಗೆ ನಂಬಿಕೆ ಬಂದದ್ದು. ವಿಶ್ವದಲ್ಲಿ ಕಾಣದ ದ್ರವ್ಯವಿದೆಯೆಂದು ಇದರಿಂದ ಸಿದ್ಧವಾಗಲಿಲ್ಲ, ನಿಜ. ಇದ್ದರೆ ಹುಡುಕಬಲ್ಲ ಕಣ್ಣೊಂದು ಮಾತ್ರ ಸಿದ್ಧವಾಯಿತು.

“ಪ್ರತಿವಾದಿ ಏನಂತೀರಮ್ಮಾ?” ಎಂದರು ಮೇಷ್ಟ್ರು.

ಎದ್ದು ನಿಂತೆ. ಆಕ್ಷೇಪವೊಂದನ್ನು ತಡಕಾಡಿದೆ, ಸಿಗಲಿಲ್ಲ. ಸಿಗದಿದ್ದುದಕ್ಕೆ ಮೈಯೆಲ್ಲ ಪುಳಕ. ಹೋಗಿ ಸಹಿ ಹಾಕಿದೆ.

“ಸೋತ್ಯಾ?” ಎಂದ ಬಸವರಾಜ, ಮೆಲ್ಲಗೆ.

“ಸೋತೆ ಕಣೋ!” ಎಂದೆ. ಗೆದ್ದದ್ದನ್ನು ಕೂಡ ಅಷ್ಟು ದೊಡ್ಡ ದನಿಯಲ್ಲಿ ನಾನೆಂದೂ ಹೇಳಿಕೊಂಡಿರಲಿಲ್ಲ.