ಕುಣಿದ ಕಾಲಿನ ನೋವು

ನಲವತ್ತು ದಾಟಿದ ಹೆಂಗಸೊಬ್ಬಳು ಬೆಳಿಗ್ಗೆ ಕುಂಟುತ್ತ ಬೀದಿಗೆ ಬಂದರೆ ಎದುರು ಸಿಕ್ಕವರೆಲ್ಲ ಕೇಳುವ ಪ್ರಶ್ನೆ ಒಂದೇ: "ಏನ್ ಕೆಲ್ಸ ಮಾಡ್ದ್ರಿ?" ಕಂಬಳಿ ಒಗೆದೆನೆಂದರೆ ಸರಿ, ಸೊಪ್ಪಿನ ಹೊರೆ ಹೊತ್ತೆನೆಂದರೆ ಇನ್ನೂ ಸರಿ, ಕೇಳಿದವರು ಲೊಚಗುಟ್ಟಿ, ತಮ್ಮ ಮಂಡಿಯ ಕಥೆಯನ್ನೂ ಸೇರಿಸಿ ಮುಂದೆ ಹೋಗುತ್ತಾರೆ. ದಣಿವಿಗೂ ಕುಲಗೋತ್ರವುಂಟು, ಓದುಗರೇ. ದುಡಿಮೆಯ ಹೊಟ್ಟೆಯಲ್ಲಿ ಹುಟ್ಟಿದ ದಣಿವಿಗೆ ಮಣೆ, ಮರ್ಯಾದೆ, ಅನುಕಂಪ ಎಲ್ಲ ಸಲ್ಲುತ್ತವೆ. ಸಂತೋಷದ ಹೊಟ್ಟೆಯಲ್ಲಿ ಹುಟ್ಟಿದ್ದಕ್ಕೆ ಮಾತ್ರ ಜಗಲಿಯ ಮೇಲೂ ಜಾಗವಿಲ್ಲ. ಈ ಎರಡು ದಣಿವುಗಳೂ ಒಂದೇ ರಾತ್ರಿ, ಒಂದೇ ಜೊತೆ ಕಾಲುಗಳಿಗೆ ಬಂದು ಸೇರಿದ ಪ್ರಸಂಗವೊಂದನ್ನು ಹೇಳಿಬಿಡುತ್ತೇನೆ.

ಆಗ ನಾನು ಚಿಕ್ಕಬಳ್ಳಾಪುರದ ಸರ್ಕಾರಿ ಕಾಲೇಜೊಂದರ ಕಚೇರಿಯಲ್ಲಿದ್ದೆ. ಮನೆ ಜಂಗಮಕೋಟೆಯಲ್ಲಿ. ದಿನವೂ ಬಸ್ಸಿನಲ್ಲಿ ನಿಂತು ಹೋಗಿ ನಿಂತೇ ಬರುತ್ತಿದ್ದ ನನಗೆ, ಕಾಲುಗಳೆಂದರೆ ದೇಹವನ್ನು ಸೀಟು ಖಾಲಿಯಾಗುವ ತನಕ ಎತ್ತಿ ಹಿಡಿಯುವ ಉಪಕರಣಗಳು ಎಂಬಷ್ಟೇ ಕಲ್ಪನೆ. ಪಕ್ಕದ ಮೇಜಿನಲ್ಲಿ ಸಾವಿತ್ರಿ, ಹಲ್ಲಿ ಲೊಚಗುಟ್ಟಿದರೂ ಬೆಚ್ಚುವವಳು. ಎದುರು ಮೇಜಿನಲ್ಲಿ ಗೌರಿಬಿದನೂರಿನ ರತ್ನ; ಕನ್ನಡದಲ್ಲಿ ಶುರುವಾದ ಅವಳ ಮಾತು ಕೋಪ ಬಂದರೂ ಖುಷಿಯಾದರೂ ತೆಲುಗಿನಲ್ಲಿ ಮುಗಿಯುತ್ತಿತ್ತು. ಅವಳಲ್ಲೊಂದು ಹಳೆಯ ಮಾರುತಿ ವ್ಯಾನೂ, ಅದನ್ನು ತಾನೇ ಓಡಿಸುವ ಧೈರ್ಯವೂ ಇದ್ದವು. ಟೀವಿಯ ಚಾನೆಲ್ಲುಗಳೆಲ್ಲ ಡ್ಯಾನ್ಸಿನ ಸ್ಪರ್ಧೆ ನಡೆಸುತ್ತಿದ್ದ ಕಾಲ ಅದು. ರತ್ನಳ ತಮ್ಮನ ಮಗಳು ಬೆಂಗಳೂರಿನಲ್ಲಿ ಸಾಲ್ಸಾ ಎಂಬ ನೃತ್ಯ ಕಲಿಸುತ್ತಿದ್ದಳು. ಶನಿವಾರ ರಾತ್ರಿ ಹೋಟೆಲೊಂದರಲ್ಲಿ ಅವಳ ತರಗತಿಯವರ ಕೂಟ, ಯಾರು ಬೇಕಾದರೂ ಬಂದು ಕುಣಿಯಬಹುದು.

"ಕಾಲೇಜ್ ಗೇಟು, ಮನೆ ಗೇಟು, ಇವೆರಡ್ರ ಮಧ್ಯಾನೇ ಮುದುಕೀರಾಗ್ತೀವಿ ಕಣ್ರೇ. ಒಂದ್ ರಾತ್ರಿ ಕುಣ್ದು ಬರಣ," ಎಂದಳು ರತ್ನ.

ತೊಡಕಿದ್ದದ್ದು ನಮ್ಮ ಮನೆಯ ರೇಷ್ಮೆ ಹುಳುಗಳದು. ಸರಿಯಾಗಿ ಹೇಳಬೇಕೆಂದರೆ, ನನ್ನ ವಾರಗಿತ್ತಿ ಮುನಿಲಕ್ಷ್ಮಿಯದು. ಅಲ್ಲಿಯವರೆಗೆ ಗಂಡನ ಹಿಂದೆ ನಿಂತು ಸೊಪ್ಪು ಹಾಕುತ್ತಿದ್ದ ಅವಳು, ಆ ಬೆಳೆಯನ್ನು ಮೊದಲ ಸಲ ತಾನೇ ಮೈಮೇಲೆ ಹಾಕಿಕೊಂಡಿದ್ದಳು. ಹುಳುಮನೆ ತೊಳೆದದ್ದೂ ಅವಳೇ, ಮರಿ ತಂದದ್ದೂ ಅವಳೇ. "ಇವಳ ಕೈಗೆ ಹುಳ ನಿಲ್ಲಲ್ಲ. ಕೆಟ್ರೆ ಇನ್ಮೇಲೆ ಸೊಪ್ಪನ್ನೇ ಮಾರ್ಬಿಡೋದು," ಎಂದು ನನ್ನ ಮೈದುನ ಎಲ್ಲರೆದುರು ಹೇಳಿಬಿಟ್ಟಿದ್ದ. ಈ ಬೆಳೆ ಕೈಗೆ ಬಂದರೆ ಮಾತ್ರ ಹುಳುಮನೆ ಅವಳದು.

ಹುಳು ಸಾಕದವರಿಗಾಗಿ ಇಷ್ಟು ಹೇಳಬೇಕು. ಹಗಲಿರುಳು ಮೇಯುವ ಹುಳು ಒಂದು ದಿನ ಮೇವು ಬಿಟ್ಟು ತಲೆಯೆತ್ತುತ್ತದೆ, ಮೈ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಹಣ್ಣಾಯಿತು ಎನ್ನುತ್ತೇವೆ. ಆಗ ಅವನ್ನು ಒಂದೊಂದಾಗಿ ಆರಿಸಿ, ಬಿದಿರಿನ ಸುರುಳಿ ಕಟ್ಟಿದ ಚಂದ್ರಿಕೆಗೆ ಬಿಡಬೇಕು; ಅಲ್ಲಿ ಗೂಡು ಕಟ್ಟುತ್ತವೆ. ತಡಮಾಡಿದರೆ ತಟ್ಟೆಯ ಕಸಕಡ್ಡಿಯಲ್ಲೇ ನೂಲು ಸುತ್ತಿಕೊಂಡು ಗೂಡು ಹಾಳು. ಶನಿವಾರ ಬೆಳಿಗ್ಗೆ ನಾನು ತಟ್ಟೆಗಳನ್ನು ಇಣುಕಿ, ಇಷ್ಟು ವರ್ಷದ ಅನುಭವವನ್ನೆಲ್ಲ ಮುಖಕ್ಕೆ ತಂದುಕೊಂಡು, "ನಾಳೆ ರಾತ್ರಿಗೆ ಮುಂಚೆ ಹಣ್ಣಾಗಲ್ಲ ಕಣೇ," ಎಂದು ತೀರ್ಪಿತ್ತೆ. ಅತ್ತೆಗೆ ಕಾಲೇಜಿನ ಸಮಾರಂಭವೆಂದೆ. ಗಂಡಸರು ಚಿಂತಾಮಣಿಗೆ ಮದುವೆಗೆ ಹೋದರು. ಆ ದಿನದ ಬಿಸಿಲು ನನ್ನ ತೀರ್ಪನ್ನು ಕೇಳಿಸಿಕೊಂಡಿರಲಿಲ್ಲ.

ರತ್ನಳ ವ್ಯಾನಿನಲ್ಲಿ ಬೆಂಗಳೂರಿಗೆ ಹೋದ ನಮ್ಮ ಮೂವರನ್ನೂ ಹೋಟೆಲಿನ ಬಾಗಿಲಲ್ಲೇ ಅವಳ ತಮ್ಮನ ಮಗಳು ತಡೆದು, ಕುಣಿಯುವಾಗ ಜನ ಹತ್ತಿರ ಬರುತ್ತಾರೆಂದು ಕತ್ತು, ತೋಳು, ದುಪಟ್ಟಾಗಳಿಗೆ ಧಾರಾಳವಾಗಿ ಸೆಂಟು ಹೊಡೆದಳು. ಒಳಗಿನ ಸದ್ದು ಎದೆಯನ್ನು ಹೊರಗಿನಿಂದ ಬಡಿಯುತ್ತಿತ್ತು. ನನ್ನ ಪಾಲಿಗೆ ಬಂದ ಜೊತೆಗಾರರು ಒಬ್ಬ ದಂತವೈದ್ಯರು. ನನ್ನ ಮುಖ ನೋಡದೆ ತಮ್ಮ ಬೂಟನ್ನೇ ನೋಡುತ್ತ, ಬಾಯಲ್ಲೇ ಲೆಕ್ಕ ಒಪ್ಪಿಸಿಕೊಳ್ಳುತ್ತಿದ್ದರು. ಒಂದು ಹೆಜ್ಜೆ ಮುಂದೆ, ಒಂದು ಹಿಂದೆ, ನಡುವೆ ಸೊಂಟಕ್ಕೊಂದು ಸಣ್ಣ ಒಪ್ಪಿಗೆ. ಹೆಜ್ಜೆ ಚಿಕ್ಕದಿರಲಿ ಎಂದು ಆ ಹುಡುಗಿ ಎಲ್ಲರಿಗೂ ಕೂಗುತ್ತಿದ್ದಳು. ನನಗೆ ಮಾತ್ರ ಕೂಗಬೇಕಾಗಲಿಲ್ಲ. ಹುಳುಮನೆಯ ಸಾಲುಗಳ ನಡುವಿನ ಗೇಣಗಲದ ದಾರಿಯಲ್ಲಿ ತಟ್ಟೆಗೆ ತಗುಲದಂತೆ ಓಡಾಡಿದ ಕಾಲಿಗೆ ಚಿಕ್ಕ ಹೆಜ್ಜೆ ಯಾವ ವಿದ್ಯೆ? ಕುಣಿಯುತ್ತ ಕುಣಿಯುತ್ತ ಕಾಲುಗಳು ನನ್ನವೇ ಎಂಬ ಗುಮಾನಿ ಹುಟ್ಟಿತು. ಎಡಗಾಲಿನ ಹರಡು ಉಳುಕಿದ್ದೂ ಗೊತ್ತಾಗದಷ್ಟು ಖುಷಿಯಾಗಿತ್ತು.

ಅಷ್ಟರಲ್ಲಿ ಮುನಿಲಕ್ಷ್ಮಿಯ ಫೋನು ಬಂತು. "ಅಕ್ಕಾ, ಹುಳ ತಲೆ ಎತ್ಬಿಟ್ಟವೆ! ಅತ್ತೆಗೆ ರಾತ್ರಿ ಕಣ್ ಕಾಣ್ಸಲ್ಲ, ನಾನೊಬ್ಳೇ. ಅವ್ರು ಫೋನೇ ತೆಗೀತಿಲ್ಲ. ಎಲ್ಲಿದ್ದೀರಕ್ಕ?" ರತ್ನ ನನ್ನ ಮುಖ ನೋಡಿದಳು, ಚಪ್ಪಲಿ ಕೈಗೆತ್ತಿಕೊಂಡಳು. "ಪದವೇ, ಪದ!" ಎಂದು ತೆಲುಗಿನಲ್ಲೇ ನಮ್ಮನ್ನು ಹೊರಡಿಸಿದಳು. ದೇವನಹಳ್ಳಿ ದಾಟಿ ವಿಜಯಪುರದ ಕಡೆ ತಿರುಗುವವರೆಗೂ ವ್ಯಾನನ್ನು ಎಲ್ಲೂ ನಿಲ್ಲಿಸಲಿಲ್ಲ. ನನ್ನನ್ನು ಮನೆಗೆ ಬಿಟ್ಟುಬಿಡಿ ಎಂದು ಸಾವಿತ್ರಿ ಕೇಳಬಹುದಿತ್ತು, ಕೇಳಲಿಲ್ಲ.

ಹುಳುಮನೆಯ ಬಾಗಿಲಿಗೆ ಓಡಿದೆ. ಮುನಿಲಕ್ಷ್ಮಿ ಒಳಗಿನಿಂದಲೇ ಎರಡೂ ಕೈ ಅಡ್ಡ ಹಿಡಿದಳು.

"ಅಲ್ಲೇ ನಿಲ್ಲಿ! ಏನಕ್ಕ ಇದು ವಾಸ್ನೆ?"

ನಿಂತಲ್ಲೇ ನೀರಾದೆ. ಹುಳುವಿರುವ ದಿನಗಳಲ್ಲಿ ನಮ್ಮಲ್ಲಿ ಊದುಬತ್ತಿ ಹಚ್ಚುವುದಿಲ್ಲ, ಮೈಗೆ ಪೌಡರು ಸೋಕಿಸುವುದಿಲ್ಲ, ಬೀಡಿ ಸೇದುವವರನ್ನು ಅಂಗಳದಲ್ಲೇ ಮಾತಾಡಿಸಿ ಕಳಿಸುತ್ತೇವೆ. ಅಂಥ ಮನೆಯ ಹಿರಿಸೊಸೆ ನಾನು, ಬೆಂಗಳೂರಿನ ಅರ್ಧ ಸೆಂಟನ್ನು ಮೈಮೇಲೆ ಹೊತ್ತು ಬಂದಿದ್ದೆ.

"ಮದ್ವೆ ಮನೆ ಹಂಗೆ ಘಮಘಮ ಅಂತ ಒಳಗ್ ಬಂದ್ರೆ ನನ್ ಹುಳ ಗತಿ ಏನು? ಮೊದ್ಲು ಸ್ನಾನ ಮಾಡ್ಕಂಡ್ ಬನ್ನಿ. ಸೋಪ್ ಮುಟ್ಬೇಡಿ, ಕಡ್ಲೆಹಿಟ್ಟು ಹಚ್ಕಳಿ!"

ಅತ್ತೆ ಏನೂ ಕೇಳದೆ ಹಂಡೆಯ ಒಲೆಗೆ ಸೌದೆ ತುರುಕಿದರು. ನಡುರಾತ್ರಿಯಲ್ಲಿ ಮೂವರು ಸರ್ಕಾರಿ ಸಂಬಳದ ಹೆಂಗಸರು ಸಾಲಾಗಿ ಬಚ್ಚಲಿಗೆ ಹೋಗಿ, ತಲೆಯಿಂದ ಕಾಲಿನವರೆಗೆ ಉಜ್ಜಿಕೊಂಡು, ಅತ್ತೆಯ ಹಳೆಯ ಸೀರೆಗಳಲ್ಲಿ ಹೊರಬಂದೆವು. ಮುನಿಲಕ್ಷ್ಮಿ ಒಬ್ಬೊಬ್ಬರ ಕತ್ತನ್ನೂ ಮೂಸಿ ನೋಡಿ ಒಳಗೆ ಬಿಟ್ಟಳು. ಸಾವಿತ್ರಿಯನ್ನು ಮಾತ್ರ ಇನ್ನೊಮ್ಮೆ ವಾಪಸು ಕಳಿಸಿದಳು.

"ಕಚ್ಚುತ್ತೇನಮ್ಮಾ?" ಸಾವಿತ್ರಿ ತಟ್ಟೆಯ ಮುಂದೆ ಕಣ್ಣು ಮುಚ್ಚಿ ನಿಂತಿದ್ದಳು.

"ಅವು ಕಚ್ಚಲ್ಲಕ್ಕ. ನೀವು ಹಿಸುಕ್ಬೇಡಿ, ಅಷ್ಟೇ."

ಆಮೇಲೆ ಕೆಲಸವೇ ಕೆಲಸ. ಹಣ್ಣಾದದ್ದನ್ನು ಆರಿಸುವುದು, ಬುಟ್ಟಿಗೆ ಹಾಕುವುದು, ಚಂದ್ರಿಕೆಗೆ ಬಿಡುವುದು. ಒಂದು ಹೆಜ್ಜೆ ಮುಂದೆ, ಒಂದು ಹಿಂದೆ. ಸೊಂಟ ಬಿದ್ದುಹೋಗಿತ್ತು, ಕಣ್ಣಲ್ಲಿ ಮರಳು ತುಂಬಿತ್ತು, ಹರಡು ಈಗ ತನ್ನ ಲೆಕ್ಕವನ್ನು ತಾನೇ ಎಣಿಸುತ್ತಿತ್ತು. ರತ್ನ ನಿಂತಲ್ಲೇ ತೂಕಡಿಸಿ, ತೂಕಡಿಸುತ್ತಲೇ ಆರಿಸುತ್ತಿದ್ದಳು. ಮುನಿಲಕ್ಷ್ಮಿಯೊಬ್ಬಳಿಗೆ ದಣಿಯಲು ಪುರಸೊತ್ತಿರಲಿಲ್ಲ. ಬೆಳಕು ಹರಿಯುವಾಗ ಒಂದು ತಟ್ಟೆಯ ಹುಳುಗಳು ಮಾತ್ರ ಕೈಮೀರಿ ಸೊಪ್ಪಿನ ದಂಟಿನಲ್ಲೇ ನೂಲು ಸುತ್ತಿಕೊಂಡಿದ್ದವು. ಉಳಿದದ್ದೆಲ್ಲ ಚಂದ್ರಿಕೆ ಸೇರಿತ್ತು.

ಮೈದುನ ಬಂದದ್ದು ಆಗಲೇ. ಮದುವೆಯ ಅಂಗಿಯಲ್ಲೇ ಬಾಗಿಲಲ್ಲಿ ನಿಂತು, ಜಗಲಿಯುದ್ದಕ್ಕೂ ಒರಗಿಸಿದ್ದ ಚಂದ್ರಿಕೆಗಳನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. "ನಾನ್ ಒಳಗ್ ಬರ್ಬೋದಾ, ಅಂಗಿ ಬಿಚ್ಬಿಟ್ಟು ಬರ್ಲಾ?" ಎಂದು ಕೇಳಿದ, ಹೆಂಡತಿಯನ್ನು. ಅವಳು ಅವನ ಕಡೆ ತಿರುಗದೆಯೇ, "ಸ್ನಾನ ಮಾಡ್ಕಂಡ್ ಬನ್ನಿ," ಎಂದಳು.

ಗೆಳತಿಯರನ್ನು ಕಳಿಸಿ ಕುಂಟುತ್ತ ಒಳಗೆ ಬಂದಾಗ ಅತ್ತೆ ಹರಳೆಣ್ಣೆ ಬಿಸಿ ಮಾಡಿಕೊಂಡು ಕೂತಿದ್ದರು. ನನ್ನ ಎಡಗಾಲನ್ನು ತೊಡೆಯ ಮೇಲಿಟ್ಟುಕೊಂಡು ನೀವತೊಡಗಿದರು. "ಪಾಪ, ರಾತ್ರಿಯೆಲ್ಲ ಹುಳ ಆರ್ಸಿ ಕಾಲು ಊದೈತೆ."

ಅಷ್ಟು ಅನುಕಂಪ ಪುಕ್ಕಟೆ ಸಿಗುತ್ತಿರುವಾಗ ತಿದ್ದುಪಡಿ ಮಾಡಲು ಯಾರಿಗೆ ಮನಸ್ಸು ಬರುತ್ತದೆ? ಕಾಫಿ ತಂದ ಮುನಿಲಕ್ಷ್ಮಿಗೆ ಬಂತು. "ಹುಳ ಆರ್ಸಿ ಅಲ್ಲತ್ತೆ ಅದು. ಬೆಂಗ್ಳೂರಲ್ಲಿ ಕುಣ್ದು ಬಂದವ್ರೆ, ರತ್ನಕ್ಕ ಎಲ್ಲಾ ಹೇಳಿದ್ರು," ಎಂದು ಲೋಟವಿಟ್ಟು ನಕ್ಕಳು.

ಅತ್ತೆಯ ಕೈ ನಿಂತಿತು. ನಾನು ಮೆಲ್ಲಗೆ ಕಾಲೆಳೆದುಕೊಳ್ಳಲು ನೋಡಿದೆ, ಹಿಡಿತ ಸಡಿಲವಾಗಲಿಲ್ಲ. ಅವರು ಬಟ್ಟಲಿಗೆ ಬೆರಳದ್ದಿ, ಮತ್ತೆ ಹಾಗೇ ನೀವುತ್ತ ಹೇಳಿದರು: "ಆ ಕಾಲೂ ಈ ಕಡೆ ನೀಡಮ್ಮ. ಒಂದೇ ಕಾಲಲ್ಲಿ ಕುಣಿದ್ಯೇನು?"